ಹುಟ್ಟಿನ ಸಾಕ್ಷಿ

ಮನುಷ್ಯನು ತನ್ನ ವಿಷಯದಲ್ಲಿ ಎಷ್ಟೋ ಸಂಗತಿಗಳನ್ನು ತಾನೇ ಬಲ್ಲನು. ತನಗೆ ಹಸಿವಾಗಿದೆಯೆಂಬುದನ್ನು ಮತ್ತೊಬ್ಬರು ಹೇಳಬೇಕಾಗಿಲ್ಲ. ನಿನ್ನೆಯ ದಿನ ಎಲ್ಲಿದ್ದನೆಂಬುದಕ್ಕೆ ಅವನ ನೆನಪೇ ಸಾಕು. ಆದರೆ ತನ್ನ ಬಾಳಿನ ಮೊತ್ತಮೊದಲ ಸಂಗತಿಯಾದ ಹುಟ್ಟನ್ನು ಮಾತ್ರ ಅವನು ಅರಿಯನು. ಅಲ್ಲಿ ಅವನು ಇದ್ದನು, ಸಾಕ್ಷಿಯಾಗಿ ಇರಲಿಲ್ಲ. ಭಾರತೀಯ ತಾರ್ಕಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದ ಪ್ರಮಾಣಗಳನ್ನು ಹೇಳಿರುವರಷ್ಟೆ. ಇವುಗಳಲ್ಲಿ ಪ್ರತ್ಯಕ್ಷವು ಇಲ್ಲಿಗೆ ಸಲ್ಲದು. ಅನುಮಾನವಾದರೋ, ಬದುಕಿರುವವನು ಎಂದೋ ಒಂದು ದಿನ ಹುಟ್ಟಿರಲೇಬೇಕೆಂಬಷ್ಟನ್ನು ತಿಳಿಸಿ ಸುಮ್ಮನಾಗುವುದು. ಯಾವ ದಿನ, ಯಾವ ಊರಿನಲ್ಲಿ, ಯಾರ ಮಗನಾಗಿ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಉಳಿಯುವುದು ಶಬ್ದವೊಂದೇ. ತಾಯಿ ಹೇಳಿದಳು, ಅಜ್ಜಿ ಹೇಳಿದಳು, ಸೂಲಗಿತ್ತಿ ಹೇಳಿದಳು; ಅದನ್ನು ನಂಬಿ ಮನುಷ್ಯನು ತನಗೆ ಇಷ್ಟು ವಯಸ್ಸೆನ್ನುವನು, ಇಂಥವರ ಮಗನೆನ್ನುವನು. ಎಲ್ಲವನ್ನೂ ಸಂದೇಹಿಸುವೆನೆಂದು ಹೊರಡುವ ನಾಸ್ತಿಕನು ಕೂಡ ತನ್ನ ಹುಟ್ಟುಹಬ್ಬದ ದಿನ ತಾಯಿಯ ಮಾತನ್ನು ಪ್ರಶ್ನಿಸದೆ ಪಾಯಸವನ್ನು ಉಣ್ಣುವನು.

ಈ ಆಪ್ತವಾಕ್ಯವು ಮನೆಯ ಹೊಸ್ತಿಲೊಳಗೆ ನಡೆಯುವಷ್ಟು ಸಲೀಸಾಗಿ ಹೊರಗೆ ನಡೆಯದು. ತಾಯಿ ಮಗನಿಗೆ ಆಪ್ತಳು. ಕಚೇರಿಯ ಗುಮಾಸ್ತನಿಗೆ ಆಪ್ತಳಲ್ಲ. ಆದುದರಿಂದಲೇ ಅವಳ ಮಾತನ್ನು ಹುಟ್ಟಿನ ಹೊತ್ತಿಗೇ ಕೇಳಿ, ಬರೆದು, ಮುದ್ರೆಯೊತ್ತಿ, ಅವಳನ್ನು ಅರಿಯದವರೂ ನಂಬುವ ಹಾಗೆ ಮಾಡುವ ಒಂದು ಏರ್ಪಾಡು ಬೇಕಾಯಿತು. ಜನನಪತ್ರವೆಂದರೆ ಇಷ್ಟೆ. ಅಂಗೈಯಗಲದ ಕಾಗದವಾದರೂ ಅದು ಹೊತ್ತಿರುವ ಭಾರವು ಸಣ್ಣದಲ್ಲ.

ಹುಟ್ಟನ್ನು ಬರೆದಿಡುವ ರೂಢಿಯೇನೋ ಈ ನಾಡಿಗೆ ಹೊಸತಲ್ಲ. ಮಗು ಅತ್ತ ಕೂಡಲೆ ಗಳಿಗೆಬಟ್ಟಲನ್ನು ನೋಡಿ, ಆಮೇಲಿನ ಕಾಲದಲ್ಲಿ ಗೋಡೆಯ ಗಡಿಯಾರವನ್ನು ನೋಡಿ, ಸಂವತ್ಸರ ಮಾಸ ಪಕ್ಷ ತಿಥಿ ನಕ್ಷತ್ರಗಳನ್ನು ಗುರುತುಹಾಕಿಕೊಂಡು ಜಾತಕವನ್ನು ಬರೆಯಿಸುತ್ತಿದ್ದರು, ಇಂದಿಗೂ ಬರೆಯಿಸುವರು. ಗಳಿಗೆ ವಿಗಳಿಗೆಗಳ ಲೆಕ್ಕದಲ್ಲಿ ಯಾವ ಸರಕಾರದ ಕಾಗದವೂ ಜಾತಕಕ್ಕೆ ಸಮನಲ್ಲ. ಆದರೂ ಇವೆರಡರ ಸ್ವಭಾವವು ಬೇರೆ. ಜಾತಕವು ಮುಂದಕ್ಕೆ ನೋಡುವುದು; ಈ ಮಗುವು ಏನಾದೀತೆಂಬುದೇ ಅದರ ಕುತೂಹಲ. ಜನನಪತ್ರವು ಹಿಂದಕ್ಕೆ ನೋಡುವುದು. ಆದುದು ಇಷ್ಟು ಎಂದು ಹೇಳಿ ನಿಲ್ಲುವುದು, ಮುಂದಿನ ರಾಜಯೋಗದ ಮಾತನ್ನಾಗಲಿ ಕಂಟಕದ ಮಾತನ್ನಾಗಲಿ ಎತ್ತದು. ಇದಲ್ಲದೆ ಜಾತಕವು ಮನೆಯವರ ಪೆಟ್ಟಿಗೆಯಲ್ಲಿರುವ ವಸ್ತು. ನೂರು ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಬೇಕೆಂಬ ಗಾದೆಯಿರುವ ನಾಡಿನಲ್ಲಿ, ಹುಡುಗಿಯ ನಕ್ಷತ್ರವು ಅತ್ತೆಗೆ ಆಗದೆಂದಾಗ ಅದರ ಪಾದವು ಕೊಂಚ ಸರಿದುದನ್ನು ಬಲ್ಲ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದರು.

ಜಾತಕವನ್ನು ಬರೆಯಿಸುವ ಅನುಕೂಲವಾದರೂ ಎಷ್ಟು ಮನೆಗಳಿಗಿತ್ತು? ಮಿಕ್ಕವರ ಪಾಲಿಗೆ ಪಂಚಾಂಗವು ನಾಡಿನ ಮೇಲೆ ಬಂದ ಕಷ್ಟಗಳೇ ಆಗಿತ್ತು. ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಎಂದರೆ ೧೮೭೬ರಿಂದ ೭೮ರ ವರೆಗಿನ ಕಾಲದಲ್ಲಿ, ಹುಟ್ಟಿದವರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ತೊಟ್ಟಿಲಲ್ಲಿದ್ದವರು. ೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಿ ತಾಯಿಯನ್ನು ಕಳೆದುಕೊಂಡವರು. ೧೯೨೪ರ ಕಾವೇರಿಯ ಹೊಳೆಪೂರದ ವರ್ಷ ನಡೆಯಲು ಕಲಿತವರು: ಹೀಗೆ ಒಬ್ಬೊಬ್ಬರ ವಯಸ್ಸೂ ಊರಿನ ದುಃಖಕ್ಕೆ ಗಂಟುಬಿದ್ದಿತ್ತು. ಈ ಲೆಕ್ಕವು ಅಷ್ಟು ತಪ್ಪೂ ಅಲ್ಲ. ಊರೆಲ್ಲ ಒಟ್ಟಿಗೆ ನೆನೆಯುವ ಸಂಗತಿಯ ಪಕ್ಕದಲ್ಲಿ ಇರಿಸಿದ ಹುಟ್ಟನ್ನು ಒಬ್ಬನೇ ತಿದ್ದಲಾರನು. ಆದರೆ ನೆನಪುಳ್ಳ ತಲೆಮಾರು ತೀರಿದ ಮೇಲೆ ಸಾಕ್ಷಿಯೂ ತೀರುವುದು.

ಯುರೋಪಿನಲ್ಲಿ ಈ ಕೆಲಸವನ್ನು ಮೊದಲು ಕೈಕೊಂಡುದು ಇಗರ್ಜಿಗಳು. ೧೫೩೮ರಲ್ಲಿ ಇಂಗ್ಲೆಂಡಿನ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಇಗರ್ಜಿಯೂ ಜ್ಞಾನಸ್ನಾನ, ಮದುವೆ, ಹೂಳಿಕೆ ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞಾಪಿಸಿದನು. ಇಲ್ಲಿ ಬರೆದುದು ಹುಟ್ಟನ್ನಲ್ಲ, ಜ್ಞಾನಸ್ನಾನವನ್ನು, ಎಂಬುದು ಗಮನಿಸತಕ್ಕ ಮಾತು. ರಾಜ್ಯದ ಮತಕ್ಕೆ ಸೇರದವನ ಮಗುವು ಆ ಪುಸ್ತಕದ ಹೊರಗೇ ಉಳಿಯಿತು. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲದಲ್ಲಿ, ೧೭೯೨ರ ಸೆಪ್ಟೆಂಬರಿನಲ್ಲಿ, ಈ ಪುಸ್ತಕವು ಪಾದ್ರಿಯ ಕೈಯಿಂದ ಪೌರಾಧಿಕಾರಿಯ ಕೈಗೆ ಬಂದಿತು. ಇಂಗ್ಲೆಂಡಿನಲ್ಲಿ ೧೮೩೭ರ ಜುಲೈ ಒಂದರಿಂದ ಸರಕಾರವೇ ಜನನವನ್ನು ನೋಂದಾಯಿಸತೊಡಗಿತು. ಬದಲಾದುದು ಬರೆಯುವ ಕೈ ಮಾತ್ರವಲ್ಲ. ಯಾವ ದೇವರಿಗೆ ಸೇರಿದವನೆಂದು ಕೇಳದೆ, ಹುಟ್ಟಿದನೆಂಬ ಒಂದೇ ಕಾರಣಕ್ಕೆ ಮನುಷ್ಯನು ಲೆಕ್ಕಕ್ಕೆ ಬಂದನು.

ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದ ಆಳರಸರಿಗೆ ಬೇಕಾಗಿದ್ದುದು ವ್ಯಕ್ತಿಗಿಂತ ಹೆಚ್ಚಾಗಿ ಸಂಖ್ಯೆ. ಜ್ವರ ಸಿಡುಬು ಕಾಲರಗಳ ಹೆಚ್ಚುಕಡಿಮೆಗಳನ್ನು ಅರಿಯುವುದಕ್ಕಾಗಿ ಆರೋಗ್ಯದ ಇಲಾಖೆಯವರು ಹುಟ್ಟು ಸಾವುಗಳನ್ನು ಎಣಿಸುತ್ತಿದ್ದರು. ೧೮೮೬ರ ಶಾಸನವೊಂದು ಇಷ್ಟವುಳ್ಳವರು ನೋಂದಾಯಿಸಿಕೊಳ್ಳಬಹುದೆಂದಿತೇ ಹೊರತು ಎಲ್ಲರನ್ನೂ ಕರೆಯಲಿಲ್ಲ. ದೇಶಕ್ಕೆಲ್ಲ ಒಂದೇ ಕಟ್ಟಳೆಯಾದುದು ಸ್ವಾತಂತ್ರ್ಯದ ತರುವಾಯ, ೧೯೬೯ರ ಜನನ ಮರಣ ನೋಂದಣಿ ಶಾಸನದಿಂದ. ಆ ಮೇಲೂ ಬಹುಕಾಲ ಜನರು ಇದನ್ನು ಲಕ್ಷಿಸಲಿಲ್ಲ. ೨೦೦೫-೦೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೪೧ರಷ್ಟು ಮಕ್ಕಳ ಹುಟ್ಟು ಮಾತ್ರ ನೋಂದಣಿಯಾಗಿತ್ತು. ೨೦೧೯-೨೧ರ ಸಮೀಕ್ಷೆಯ ಹೊತ್ತಿಗೆ ಅದು ೮೯ಕ್ಕೆ ಏರಿತು.

ಈ ೧೯೬೯ರ ಶಾಸನವನ್ನು ವಕೀಲರಲ್ಲದವರು ಓದುವುದು ಅಪರೂಪ. ಓದಿದರೆ ಅದರ ಎಂಟನೆಯ ಪ್ರಕರಣದಲ್ಲಿ ಒಂದು ಸೊಗಸನ್ನು ಕಾಣಬಹುದು. ಮಗುವು ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನನು ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಅಲ್ಲಿಯ ವೈದ್ಯಾಧಿಕಾರಿ. ಸೆರೆಮನೆಯಲ್ಲಾದರೆ ಅದರ ಅಧಿಕಾರಿ. ಛತ್ರ, ಧರ್ಮಶಾಲೆ, ಊಟದ ಮನೆ, ಕಡೆಗೆ ಹೆಂಡದಂಗಡಿಯಲ್ಲಾದರೂ ಆ ಸ್ಥಳವನ್ನು ನೋಡಿಕೊಳ್ಳುವವನು ತಿಳಿಸಬೇಕು. ಯಾರೋ ಬಿಟ್ಟುಹೋದ ಹಸುಗೂಸು ಬಯಲಿನಲ್ಲಿ ಸಿಕ್ಕಿದರೆ ಊರಿನ ಮುಖಂಡನೂ ಪೋಲೀಸು ಠಾಣೆಯ ಅಧಿಕಾರಿಯೂ ಹೊಣೆಗಾರರು. ಶಾಸನವನ್ನು ಬರೆದವರಿಗೆ ಕವಿತ್ವದ ಉದ್ದೇಶವಿರಲಿಲ್ಲ. ಆದರೂ ಈ ಪಟ್ಟಿಯ ಅರ್ಥವು ದೊಡ್ಡದು: ಮಗುವು ಎಲ್ಲಿಯೇ ಕಣ್ಣು ತೆರೆಯಲಿ, ಅದು ಬಂದಿದೆಯೆಂದು ಹೇಳತಕ್ಕವನೊಬ್ಬನು ಅಲ್ಲಿ ಇದ್ದೇ ಇರುವನು, ಅರಮನೆಯಲ್ಲಿ ಹುಟ್ಟಿದುದಕ್ಕೂ ಹೆಂಡದಂಗಡಿಯಲ್ಲಿ ಹುಟ್ಟಿದುದಕ್ಕೂ ಬರೆಯುವ ಪುಸ್ತಕವು ಒಂದೇ.

ಹೇಳುವುದಕ್ಕೆ ಕೊಟ್ಟಿರುವ ಕಾಲವು ಇಪ್ಪತ್ತೊಂದು ದಿನ. ಅದು ಮೀರಿದರೆ ಶುಲ್ಕವುಂಟು. ತಿಂಗಳು ಕಳೆದರೆ ಮೇಲಧಿಕಾರಿಯ ಅನುಮತಿ ಬೇಕು. ವರ್ಷವೇ ಕಳೆದುಹೋದರೆ ದಂಡಾಧಿಕಾರಿಯ ಆಜ್ಞೆಯಿಲ್ಲದೆ ಪುಸ್ತಕವು ತೆರೆಯದು. ತಡವಾದಷ್ಟೂ ಸಾಕ್ಷಿಯ ಬೆಲೆ ಇಳಿಯುವುದೆಂಬ ಲೋಕಾನುಭವವೇ ಇಲ್ಲಿ ಕಟ್ಟಳೆಯಾಗಿದೆ.

ನಿತ್ಯಜೀವನದಲ್ಲಿ ಈ ಪತ್ರದ ಉಪಯೋಗಗಳನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ. ಶಾಲೆಗೆ ಸೇರಿಸುವಾಗ, ಮತದಾರರ ಪಟ್ಟಿಗೆ ಹೆಸರು ಬರೆಯಿಸುವಾಗ, ವಾಹನ ನಡೆಸುವ ಪರವಾನಗಿಗೆ, ಪಾಸ್‌ಪೋರ್ಟಿಗೆ, ಸರಕಾರದ ನೌಕರಿಗೆ, ಮದುವೆಯ ನೋಂದಣಿಗೆ ಇದು ಬೇಕು. ೨೦೨೩ರಲ್ಲಿ ಶಾಸನವು ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ ಒಂದರಿಂದ ಈಚೆಗೆ ಹುಟ್ಟಿದವರಿಗೆ ಇಂಥ ಕೆಲಸಗಳಲ್ಲಿ ಹುಟ್ಟಿದ ದಿನ ಸ್ಥಳಗಳಿಗೆ ಜನನಪತ್ರವೇ ಪ್ರಮಾಣವೆಂದಾಗಿದೆ. ಹಿಂದಿನವರಿಗೆ ಶಾಲೆಯ ವರ್ಗಾವಣೆಯ ಪತ್ರವೋ ಹತ್ತನೆಯ ತರಗತಿಯ ಅಂಕಪಟ್ಟಿಯೋ ಆ ಕೆಲಸವನ್ನು ಮಾಡುತ್ತಿದ್ದಿತು.

ಇವೆಲ್ಲ ಅನುಕೂಲದ ಮಾತು. ಇದಕ್ಕಿಂತ ಆಳವಾದ ಉಪಯೋಗವೊಂದುಂಟು. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸಬಾರದೆಂಬುದೂ ಅದರಲ್ಲಿತ್ತು. ೧೯೨೯ರ ಶಾರದಾ ಶಾಸನವು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ದೇಶಕ್ಕೆಲ್ಲ ಗೊತ್ತುಮಾಡಿತು. ಈ ಕಾನೂನುಗಳೆಲ್ಲ ವಯಸ್ಸೆಂಬ ಒಂದೇ ಕಂಬದ ಮೇಲೆ ನಿಂತಿದ್ದವು. ವಯಸ್ಸನ್ನು ಹೇಳತಕ್ಕವರಾದರೋ ಮದುವೆಯನ್ನು ಗೊತ್ತುಮಾಡಿದ ತಂದೆಯೂ ಸೋದರಮಾವನೂ! ಹುಡುಗಿಗೆ ಹದಿನಾಲ್ಕಾಯಿತೆಂದು ಅವರು ಹೇಳಿದರೆ, ಅಲ್ಲವೆನ್ನುವುದಕ್ಕೆ ಹುಡುಗಿಗೆ ಬಾಯಿಯಿಲ್ಲ, ಬಾಯಿಯಿದ್ದರೂ ಆಧಾರವಿಲ್ಲ. ಹುಟ್ಟಿದ ವಾರದಲ್ಲಿ, ಯಾವ ಲಾಭನಷ್ಟದ ಯೋಚನೆಯೂ ಇಲ್ಲದಾಗ ಬರೆದಿಟ್ಟ ಒಂದು ಸಾಲು, ಹದಿನಾಲ್ಕು ವರ್ಷದ ಮೇಲೆ ಅವಳ ಪರವಾಗಿ ನಿಂತು ನುಡಿಯಬಲ್ಲುದು. ಗಣಿಗೋ ಕಾರಖಾನೆಗೋ ನೂಕಲ್ಪಡುವ ಬಾಲಕನ ವಿಷಯವೂ ಹೀಗೆಯೇ. ಅಪರಾಧದಲ್ಲಿ ಸಿಕ್ಕ ಹುಡುಗನು ಹದಿನೆಂಟು ತುಂಬದವನೆಂದು ತೋರಿಸುವುದಕ್ಕೂ ಶಾಲೆಯ ದಾಖಲೆ ಅಥವಾ ಜನನಪತ್ರವೇ ಮೊದಲು. ಅವಿಲ್ಲದಾಗ ಮಾತ್ರ ವೈದ್ಯರು ಎಲುಬನ್ನು ಪರೀಕ್ಷಿಸಿ ವಯಸ್ಸನ್ನು ಊಹಿಸಬೇಕೆಂದು ೨೦೧೫ರ ಬಾಲನ್ಯಾಯದ ಶಾಸನವು ಹೇಳುತ್ತದೆ. ಎಲುಬು ಹೇಳುವ ವಯಸ್ಸಿನಲ್ಲಿ ವರ್ಷ ಎರಡು ವರ್ಷದ ಹೆಚ್ಚುಕಡಿಮೆಯುಂಟು. ಸೆರೆಮನೆಯ ಬಾಗಿಲಿನಲ್ಲಿ ಆ ಎರಡು ವರ್ಷವೇ ಎಲ್ಲವೂ ಆಗಬಹುದು.

ಇಲ್ಲಿಗೆ ನೀತಿಯ ಪ್ರಶ್ನೆಯು ಬರುತ್ತದೆ. ಕನ್ನಡ ನಾಡಿನ ಯಾವ ಶಾಲೆಯ ಹಳೆಯ ದಾಖಲಾತಿಯ ಪುಸ್ತಕವನ್ನು ತೆರೆದರೂ ಜೂನ್ ತಿಂಗಳ ಒಂದನೆಯ ತಾರೀಖಿನಲ್ಲಿ ಹುಟ್ಟಿದವರ ಸಂಖ್ಯೆಯು ಬೆರಗುಗೊಳಿಸುವುದು. ಪ್ರಕೃತಿಯು ಆ ದಿನದಲ್ಲಿ ಅಷ್ಟು ಪಕ್ಷಪಾತವನ್ನು ತೋರಿಸಲು ಕಾರಣವಿಲ್ಲ. ಶಾಲೆಯು ಜೂನಿನಲ್ಲಿ ತೆರೆಯುತ್ತಿತ್ತು. ತಂದೆ ಮಗುವನ್ನು ಕೈಹಿಡಿದು ತಂದು ನಿಲ್ಲಿಸುತ್ತಿದ್ದನು. ದಿನ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ನಾಲ್ಕು ತಿಂಗಳು ಕಡಮೆ ಬೀಳುತ್ತಿತ್ತು. ಉಪಾಧ್ಯಾಯರು ಒಂದು ಗಳಿಗೆ ಹುಡುಗನ ಮುಖವನ್ನು ನೋಡಿ ಜೂನ್ ಒಂದೆಂದು ಬರೆದು ಒಳಗೆ ಕಳುಹುತ್ತಿದ್ದರು. ಇದು ಸುಳ್ಳೆ? ಸುಳ್ಳೆಂಬುದರಲ್ಲಿ ಅನುಮಾನವಿಲ್ಲ. ಪಾಪವೆ? ಆ ಉಪಾಧ್ಯಾಯರನ್ನು ಅಷ್ಟು ಸುಲಭವಾಗಿ ದೂರುವಂತಿಲ್ಲ. ಆ ವರ್ಷ ಹಿಂದಿರುಗಿ ಕಳುಹಿದ್ದರೆ ಎಷ್ಟೋ ಹುಡುಗರು ಮರುವರ್ಷ ದನದ ಹಿಂದೆ ಇರುತ್ತಿದ್ದರು, ಹುಡುಗಿಯರು ತಮ್ಮತಂಗಿಯರ ತೊಟ್ಟಿಲನ್ನು ತೂಗುತ್ತಿದ್ದರು. ದಿನವೇ ತಿಳಿಯದಲ್ಲಿ ಒಂದು ದಿನವನ್ನು ಆರಿಸಿ ಬರೆಯುವುದು ವಂಚನೆಯೂ ಆಗಲಾರದು.

ಆದರೆ ಸುಳ್ಳಿಗೆ ತನ್ನದೇ ಆದ ಆಯುಸ್ಸುಂಟು. ಬರೆದ ಉಪಾಧ್ಯಾಯರು ತೀರಿಕೊಂಡ ಮೇಲೂ ಅದು ಬದುಕಿರುವುದು. ನೌಕರಿಗೆ ಸೇರುವಾಗ ಅದೇ ತಾರೀಖು, ನಿವೃತ್ತಿಯಾಗುವಾಗಲೂ ಅದೇ. ಕರ್ನಾಟಕದಲ್ಲಿ ರಾಜ್ಯ ಸರಕಾರದ ನೌಕರರು ಅರುವತ್ತಕ್ಕೆ ನಿವೃತ್ತರಾಗುವುದರಿಂದ, ಹುಟ್ಟಿದ ಸಂವತ್ಸರವು ಮರಳಿ ಬರುವ ಷಷ್ಟ್ಯಬ್ದಿಯ ಶಾಂತಿಯೂ ನಿವೃತ್ತಿಯ ಹಾರವೂ ಒಟ್ಟಿಗೆ ಬರಬೇಕಾದುದು ನ್ಯಾಯ. ಆದರೆ ಕೆಲವು ಮನೆಗಳಲ್ಲಿ ನಿವೃತ್ತಿಯಾಗಿ ವರ್ಷ ಕಳೆದ ಮೇಲೆ ಷಷ್ಟ್ಯಬ್ದಿ. ಮತ್ತೆ ಕೆಲವು ಮನೆಗಳಲ್ಲಿ, ಶಾಂತಿಯ ಕುಂಭಾಭಿಷೇಕ ಮಾಡಿಸಿಕೊಂಡ ಯಜಮಾನರು ಮರುದಿನ ಎಂದಿನಂತೆ ಕಚೇರಿಗೆ ಹೊರಡುವರು! ಮೊದಲನೆಯವರದು ಕಳೆದುಕೊಂಡವರ ಲೆಕ್ಕ, ಎರಡನೆಯವರದು ಪಡೆದುಕೊಂಡವರ ಲೆಕ್ಕ.

ಕಳೆದುಕೊಂಡವರು ಸೇವೆಯ ಕಡೆಯ ವರ್ಷಗಳಲ್ಲಿ ಎಚ್ಚೆತ್ತು, ತಾನು ಹುಟ್ಟಿದುದು ಆ ದಿನವಲ್ಲ, ಈ ದಿನವೆಂದು ನ್ಯಾಯಾಲಯಕ್ಕೆ ಹೋಗುವುದುಂಟು. ಇಂಥ ವ್ಯಾಜ್ಯಗಳು ಹೆಚ್ಚಿದುದರಿಂದಲೇ ೧೯೭೪ರಲ್ಲಿ ಕರ್ನಾಟಕದಲ್ಲಿ ಸರಕಾರಿ ನೌಕರರ ವಯೋನಿರ್ಣಯಕ್ಕಾಗಿ ಪ್ರತ್ಯೇಕ ಶಾಸನವಾಗಿ, ತಿದ್ದುಪಡಿಯನ್ನು ಗೊತ್ತಾದ ಅವಧಿಯೊಳಗೇ ಬೇಡಬೇಕೆಂದಾಯಿತು. ೨೦೧೨ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರೊಬ್ಬರು ಹುಟ್ಟಿದುದು ೧೯೫೦ರಲ್ಲೋ ೧೯೫೧ರಲ್ಲೋ ಎಂಬ ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಅಷ್ಟು ದೊಡ್ಡ ಪದವಿಯವರಿಗೇ ತಮ್ಮ ಹುಟ್ಟಿನ ವಿಷಯದಲ್ಲಿ ಕಾಗದವನ್ನು ಗೆಲ್ಲುವುದು ಕಷ್ಟವಾದರೆ ಸಾಮಾನ್ಯನ ಪಾಡೇನು? ಇಲ್ಲಿ ನ್ಯಾಯವನ್ನು ಹೇಳಬೇಕಾದರೆ ಹೀಗೆ ಹೇಳಬಹುದು. ಅರಿಯದೆ ಬರೆಯಿಸಿದ ತಪ್ಪನ್ನು ಅರಿತ ಕೂಡಲೆ ತಿದ್ದಿಸಿಕೊಳ್ಳುವವನು ಸತ್ಯವಂತನೇ. ಶಾಲೆಗೆ ಸೇರುವಾಗ ಹಿರಿಯನಾಗಿಯೂ ನಿವೃತ್ತಿಯ ವೇಳೆಗೆ ಕಿರಿಯನಾಗಿಯೂ ಇರಬೇಕೆನ್ನುವವನಾದರೋ ಒಂದು ಹುಟ್ಟಿನಿಂದ ಎರಡು ಲಾಭವನ್ನು ಬಯಸುವವನು. ಮಗುವಿನ ಹೆಸರಿನಲ್ಲಿ ಸುಳ್ಳನ್ನು ಬರೆಯಿಸುವ ತಂದೆಯು ಮರೆಯುವ ಸಂಗತಿಯೊಂದಿದೆ: ಆ ಸುಳ್ಳನ್ನು ತನ್ನ ಬಾಯಿಂದ ಬಾಳಿಡೀ ಹೇಳಬೇಕಾದವನು ಅವನಲ್ಲ, ಆ ಮಗು. ಒಂದೊಂದು ಅರ್ಜಿಯ ಕೆಳಗೂ ಮೇಲಿನದೆಲ್ಲ ನಿಜವೆಂದು ರುಜು ಮಾಡುವುದು ಅದರ ಕೈ.

ಹುಟ್ಟಿದ ದಿನಕ್ಕಿಂತ ಕಠಿಣವಾದ ಅಂಕಣ ಮತ್ತೊಂದಿದೆ. ಅದು ತಂದೆಯ ಹೆಸರಿನದು. ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯು ವಾಚಕರಿಗೆ ತಿಳಿದುದೇ. ಬ್ರಹ್ಮಚರ್ಯಕ್ಕಾಗಿ ಗುರುವಿನ ಬಳಿಗೆ ಹೊರಟ ಹುಡುಗನು ತನ್ನ ಗೋತ್ರವನ್ನು ಕೇಳಲು, ತಾಯಿಯಾದ ಜಬಾಲೆಯು ತನಗೆ ಅದು ತಿಳಿಯದೆಂದೂ, ತನ್ನ ಹೆಸರನ್ನೇ ಸೇರಿಸಿ ಹೇಳಿಕೊಳ್ಳಬೇಕೆಂದೂ ಹೇಳಿದಳು. ಹುಡುಗನು ಇದ್ದುದನ್ನು ಇದ್ದಂತೆ ಗೌತಮನಿಗೆ ತಿಳಿಸಿದನು. ಗೌತಮನು ಅವನ ಸತ್ಯವನ್ನೇ ಕುಲವೆಂದು ಎಣಿಸಿ ಸ್ವೀಕರಿಸಿದನು. ಮಹಾಭಾರತದ ಕರ್ಣನಿಗೆ ಈ ಭಾಗ್ಯವಿರಲಿಲ್ಲ. ಅಸ್ತ್ರಪರೀಕ್ಷೆಯ ರಂಗದಲ್ಲಿ ತಾಯಿತಂದೆಗಳ ಹೆಸರನ್ನು ಕೇಳಿದಾಗ ಅವನು ತಲೆತಗ್ಗಿಸಿ ನಿಂತನು; ಬಲ್ಲ ತಾಯಿಯು ಅದೇ ಸಭೆಯಲ್ಲಿದ್ದೂ ನುಡಿಯಲಿಲ್ಲ. ಮುಂದೆ ಹದಿನೆಂಟು ಅಕ್ಷೋಹಿಣಿಯ ಸೇನೆಯು ಮಡಿದುದರಲ್ಲಿ ಆ ಒಂದು ಮೌನದ ಪಾಲೂ ಉಂಟು.

ಗೌತಮನು ಒಬ್ಬ ತಾಯಿಯ ಮಾತಿಗೆ ಕೊಟ್ಟ ಬೆಲೆಯನ್ನು ಕಚೇರಿಗಳು ಕೊಡಲು ಬಹುಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ ತಂದೆಯ ಅಂಕಣವು ಖಾಲಿಯಿದ್ದ ಪತ್ರವನ್ನು ತೋರಿಸಬೇಕಾದ ಕಡೆಗಳಲ್ಲೆಲ್ಲ ಮಕ್ಕಳು ನಾಚಬೇಕಾಗುತ್ತಿತ್ತು. ೧೯೪೭ರಲ್ಲಿ ಅಲ್ಲಿ ತಾಯಿತಂದೆಗಳ ವಿವರವೇ ಇಲ್ಲದ ಚಿಕ್ಕ ಜನನಪತ್ರವೊಂದನ್ನು ಜಾರಿಗೆ ತಂದು ಆ ಸಂಕಟವನ್ನು ಕಡಮೆ ಮಾಡಿದರು. ಭಾರತದಲ್ಲಿ ೨೦೧೫ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅವಿವಾಹಿತೆಯಾದ ತಾಯಿಯು ತನ್ನ ಮಗುವಿನ ಜನನಪತ್ರವನ್ನು ಬೇಡಿದರೆ ಅವಳಿಂದ ಪ್ರಮಾಣಪೂರ್ವಕವಾದ ಹೇಳಿಕೆಯೊಂದನ್ನು ಪಡೆದು ಪತ್ರವನ್ನು ಕೊಡಬೇಕೆಂದು ವಿಧಿಸಿತು. ಇಂಗ್ಲೆಂಡಿನವರದು ಮುಚ್ಚುವ ಉಪಾಯ. ಇದು ತಾಯಿಯ ಮಾತೇ ಸಾಕೆನ್ನುವ ಧೈರ್ಯ. ಎರಡರಲ್ಲಿ ಎರಡನೆಯದೇ ಜಬಾಲೆಗೆ ಹತ್ತಿರವಾದುದು.

ಬೀದಿಯಲ್ಲಿ ಸಿಕ್ಕಿದ ಮಗುವಿನ ವಿಷಯದಲ್ಲಿ ಹೇಳುವುದಕ್ಕೆ ತಾಯಿಯೂ ಇಲ್ಲ. ಅಲ್ಲಿ ವೈದ್ಯರು ನೋಡಿ ಇಷ್ಟು ದಿನದ ಮಗುವಿರಬಹುದೆಂದು ಊಹಿಸಿದುದೇ ಹುಟ್ಟಿದ ದಿನವಾಗುವುದು. ಊಹೆಯು ದಾಖಲೆಯನ್ನು ಸೇರಿದ ಮೇಲೆ ಊಹೆಯಲ್ಲ. ಸಾಕುವ ಮನೆಯಲ್ಲಿ ಆ ದಿನವೇ ದೀಪ ಹಚ್ಚುವರು, ಆರತಿಯೆತ್ತುವರು. ಸತ್ಯಕ್ಕೆ ಎರಡು ಬಗೆಯುಂಟೆಂದು ಇಲ್ಲಿ ಒಪ್ಪಬೇಕಾಗುವುದು. ಆದುದನ್ನು ಹೇಳುವುದು ಒಂದು. ಇನ್ನು ಮೇಲೆ ಇದನ್ನು ಆದುದೆಂದೇ ನಡೆಸಿಕೊಡುತ್ತೇವೆಂದು ಸಮಾಜವು ಕೊಡುವ ಭಾಷೆ ಮತ್ತೊಂದು. ಜೂನ್ ಒಂದರ ಸುಳ್ಳಿಗೂ ಈ ಊಹೆಗೂ ಕಾಗದದ ಮೇಲೆ ಭೇದವಿಲ್ಲ. ಭೇದವಿರುವುದು ಬರೆಯುವವನ ಮನಸ್ಸಿನಲ್ಲಿ.

ಕಾಗದಕ್ಕೆ ಇಷ್ಟು ಬಲವು ಬಂದ ಮೇಲೆ ಅದರ ಅಪಾಯವೂ ಬಂದಿದೆ. ಪತ್ರವು ಮನುಷ್ಯನಿಗೆ ಸಾಕ್ಷಿಯೆಂಬುದನ್ನು ಮರೆತು, ಮನುಷ್ಯನೇ ಪತ್ರಕ್ಕೆ ಸಾಕ್ಷಿ ಹೇಳಬೇಕೆಂಬ ಹಾಗಾಗುವುದುಂಟು. ಉತ್ತರಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬಾತನನ್ನು ಕಂದಾಯದ ಕಾಗದಗಳಲ್ಲಿ ಸತ್ತವನೆಂದು ಬರೆಯಲಾಗಿತ್ತು. ತಾನು ಬದುಕಿರುವೆನೆಂದು ಆತನು ಹತ್ತೆಂಟು ವರ್ಷ ಹೋರಾಡಿ, ೧೯೯೪ರಲ್ಲಿ ಮತ್ತೆ ಜೀವಂತರ ಪಟ್ಟಿಗೆ ಸೇರಿದನು. ಹುಟ್ಟಿನ ಪತ್ರವಿಲ್ಲದವನ ಸ್ಥಿತಿಯು ಇದಕ್ಕೆ ದೂರವಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು ೧೫ ಕೋಟಿ ಮಕ್ಕಳ ಹುಟ್ಟು ಎಲ್ಲಿಯೂ ನೋಂದಣಿಯಾಗಿಲ್ಲವೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯು ೨೦೨೪ರಲ್ಲಿ ತಿಳಿಸಿತು. ಹುಟ್ಟಿದ ಕೂಡಲೆ ನೋಂದಣಿಯೂ ಹೆಸರೂ ಮಗುವಿನ ಹಕ್ಕೆಂದು ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಸಾರಿದೆ. ಭಾರತವು ೧೯೯೨ರಲ್ಲಿ ಅದಕ್ಕೆ ಒಪ್ಪಿದೆ. ಹಕ್ಕೆಂದ ಮೇಲೆ, ಅದು ದೊರೆಯದೆ ಹೋದುದು ಮಗುವಿನ ತಪ್ಪಲ್ಲ. ಕಟ್ಟಳೆಯನ್ನು ಬರೆದವರು ಕೆಲವೆಡೆ ಇದನ್ನು ಚೆನ್ನಾಗಿ ಅರಿತಿರುವರು. ೨೦೦೯ರ ಶಿಕ್ಷಣದ ಹಕ್ಕಿನ ಶಾಸನವು ಶಾಲೆಗೆ ಸೇರಲು ಜನನಪತ್ರವನ್ನು ಕೇಳಬೇಕೆಂದು ಹೇಳಿ, ಅದರ ಮುಂದಿನ ಮಾತಿನಲ್ಲಿಯೇ, ವಯಸ್ಸಿನ ಆಧಾರವಿಲ್ಲವೆಂದು ಯಾವ ಮಗುವನ್ನೂ ಹಿಂದಿರುಗಿ ಕಳುಹಬಾರದೆಂದು ಹೇಳಿದೆ. ಒಂದು ಕೈಯಿಂದ ಪತ್ರವನ್ನು ಬೇಡಿ ಮತ್ತೊಂದು ಕೈಯಿಂದ ಬಾಗಿಲನ್ನು ತೆರೆದಿಡುವ ಈ ಬಗೆಯು ಮಿಕ್ಕ ಕಚೇರಿಗಳಿಗೂ ಅನುಕರಣೀಯವಾದುದು. ವೃದ್ಧಾಪ್ಯದ ವೇತನಕ್ಕೆಂದು ಬಂದ ಮುದುಕಿಯನ್ನು ಹುಟ್ಟಿದ ತಾರೀಖು ಯಾವುದೆಂದು ಕೇಳುವ ಗುಮಾಸ್ತನು, ಅವಳು ಹುಟ್ಟಿದಾಗ ಅವಳ ಊರಿನಲ್ಲಿ ಬರೆಯಬಲ್ಲವರು ಎಷ್ಟು ಮಂದಿಯಿದ್ದರೆಂದು ಒಂದು ನಿಮಿಷ ಯೋಚಿಸಿದರೆ ನಷ್ಟವಿಲ್ಲ.

ಇನ್ನು ಮನೆಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೊಂದು. ಆಸ್ಪತ್ರೆಯವರು ಹುಟ್ಟನ್ನು ಒಡನೆಯೇ ತಿಳಿಸಿಬಿಡುವರು. ನಾಮಕರಣವಾದರೋ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಕೆಲವು ಮನೆತನಗಳಲ್ಲಿ ಮೂರನೆಯ ತಿಂಗಳೋ ಆಗುವುದು. ಆದುದರಿಂದ ಪುಸ್ತಕದಲ್ಲಿ ಗಂಡು ಅಥವಾ ಹೆಣ್ಣು ಎಂದು ಬರೆದು ಹೆಸರಿನ ಸ್ಥಳವನ್ನು ಬಿಟ್ಟಿರುವರು. ಕಟ್ಟಳೆಯು ಇದಕ್ಕೆ ಅವಕಾಶವನ್ನಿತ್ತು, ವರ್ಷದೊಳಗೆ ಶುಲ್ಕವಿಲ್ಲದೆಯೂ ಹದಿನೈದು ವರ್ಷದ ವರೆಗೆ ಶುಲ್ಕದೊಡನೆಯೂ ಹೆಸರನ್ನು ಸೇರಿಸಬಹುದೆಂದಿದೆ. ತೊಟ್ಟಿಲ ಹಾಡು, ಊಟ, ಎಲೆ ಅಡಿಕೆ ಎಲ್ಲವೂ ಮುಗಿಯುವುದು. ಕಚೇರಿಗೆ ಹೋಗುವವರು ಇಲ್ಲ. ಎಷ್ಟೋ ವರ್ಷದ ಮೇಲೆ ಮಗಳು ಹೊರದೇಶಕ್ಕೆ ಓದಲು ಹೊರಟಾಗ ಪತ್ರವನ್ನು ತೆಗೆದು ನೋಡಿದರೆ ತಾಯಿಯ ಹೆಸರಿದೆ, ತಂದೆಯ ಹೆಸರಿದೆ, ಊರಿದೆ, ದಿನವಿದೆ, ಅವಳ ಹೆಸರಿಲ್ಲ. ಆಗ ಅಪ್ಪನೂ ಮಗಳೂ ಕಚೇರಿಗೆ ಹೋಗುವರು. ಗುಮಾಸ್ತನು ಏಣಿಯನ್ನು ಹತ್ತಿ ಆ ವರ್ಷದ ಪುಸ್ತಕವನ್ನು ಇಳಿಸಿ, ಧೂಳನ್ನು ಕೊಡವಿ, ಹಾಳೆಗಳನ್ನು ಮಗುಚುತ್ತ ಬರುವನು. ಮಗಳು ಅಂಚಿನಲ್ಲಿ ನಿಂತು, ತಾನು ಇನ್ನೂ ಬರಿಯ ಹೆಣ್ಣು ಮಗುವಾಗಿದ್ದ ಆ ಸಾಲಿಗಾಗಿ ಕಾಯುವಳು.